ಎಲ್ಲಾ ಸುರುವಿದವಗ ಯಾವಾಗ 'ಹೂಂ' ಅನಬೇಕು?

ಮೊದ್ಲ ಹೇಳಿಬಿಡ್ತೇನಿ, ಇದು ಇಸ್ಪೀಟ್ ಎಲಿ ಸುದ್ದಿ. ಓದಿ ಆದಮ್ಯಾಲೆ "ಐವತ್ತೈದು ದಾಟಿದ ಮ್ಯಾಲೆ ಈಕಿಗೆ ಇದೇನ ಹುಚ್ಚ ಹಿಡೀತವಾ" ಅಂತ ಫೋನ್ ಮಾಡಬ್ಯಾಡ್ರಿ. ನಮ್ಮ ಮನ್ಯಾಗ ನಲವತ್ತ ವರ್ಷ ಇಸ್ಪೀಟ್ ಕಟ್ಟು ಒಳಗ ಬಂದಿದ್ದಿಲ್ಲ ಅನ್ನೂದು ನಿಮಗೆಲ್ಲಾ ಗೊತ್ತೈತಿ. ಯಾಕ ಬಂದಿದ್ದಿಲ್ಲ ಅನ್ನೂದೂ ನಮ್ಮ ತವರಮನಿ ಕಡೇವ್ರಿಗೆ ಗೊತ್ತೈತಿ. ಅದನ್ನ ಕಡೀಕ ಹೇಳ್ತೇನಿ.

ದೀಪಾವಳಿ ಪಾಡ್ಯದ ದಿನ ಸಂಜಿಗೆ ಮನಿ ತುಂಬ ಮಂದಿ. ಹೋಳಿಗಿ ಊಟ ಆಗಿತ್ತು, ಹೊರಗ ಪಟಾಕಿ ಹೊಗಿ. ಹುಡುಗರೆಲ್ಲಾ ಒಂದೊಂದ ಮೂಲ್ಯಾಗ ಒಂದೊಂದ ಮೊಬೈಲ್ ಹಿಡಕೊಂಡ ಕುಂತಿದ್ರು. ನಮ್ಮ ತಮ್ಮನ ಮಗ ಒಂದ ಕಟ್ಟು ಎಲಿ ತಗದು, "ಅತ್ತಿ, ಪೋಕರ್ ಆಡೋಣ ಬಾ, ರೊಕ್ಕ ಇಲ್ಲ, ಬರೇ ಆಟ" ಅಂದ. ನಾ "ಎಲಿ ಒಳಗ ಇಡು" ಅನ್ನೂದರಾಗಿದ್ದೆ. ಬ್ಯಾಂಕಿನ್ಯಾಗ ಕೆಲಸಾ ಮಾಡೋ ನಮ್ಮ ಸೊಸಿ ಮೆಲ್ಲಕ, "ಅತ್ತಿಯವ್ರ, ಹುಡುಗರು ಹೆಂಗೂ ಕಲತಾರ. ನಾವು ಕಲೀದ ಇದ್ರ ಅವರೇನ ಮಾಡ್ತಾರ ಅನ್ನೂದ ನಮಗ ತಿಳಿಯೂದಿಲ್ಲ" ಅಂದ್ಲು. ಆ ಮಾತು ನನಗ ನಾಟ್ತು. ಅಡಗಿ ಮನ್ಯಾಗಿನ ಹುಣಸಿ ಬೀಜದ ಡಬ್ಬಿ ತಂದ ಮುಂದ ಇಟ್ಟೆ.

ಎಂಟ ಮಂದಿ ಕುಂತ್ವಿ. ಒಬ್ಬೊಬ್ಬರಿಗೆ ನೂರು ಬೀಜ. ಬಹುಮಾನ ಧಾರವಾಡ ಪೇಡೆ. ಮೊದಲನೇದವ್ರಿಗೆ ಒಂದ ಕಿಲೋ, ಎರಡನೇದವ್ರಿಗೆ ಅರ್ಧಾ, ಮೂರನೇದವ್ರಿಗೆ ಪಾವ ಕಿಲೋ. ಬೀಜ ಮುಗದವ್ರು ಮತ್ತ ಬೀಜ ಕೇಳೂಹಂಗಿಲ್ಲ, ಎದ್ದು ಹೋಗಿ ಮುಸರಿ ತಿಕ್ಕಬೇಕು. ಗಂಡಸರಿಗೂ ಅದ ಕಾಯ್ದೆ. ಅದು ನಾ ಹಾಕಿದ ಕಾಯ್ದೆ.

ಗೊತ್ತಿಲ್ಲದವ್ರಿಗೆ ಆಟ ಹೇಳ್ತೇನಿ. ಒಬ್ಬೊಬ್ಬರಿಗೆ ಎರಡೆರಡು ಎಲಿ ಮುಚ್ಚಿ ಕೊಡ್ತಾರ. ಆಮ್ಯಾಲೆ ನಡುವ ಐದು ಎಲಿ ತೆರದಿಡ್ತಾರ, ಮೊದ್ಲ ಮೂರು, ಆಮ್ಯಾಲೆ ಒಂದು, ಕಡೀಕ ಒಂದು. ನಮ್ಮ ಎರಡು, ನಡುವಿನ ಐದು, ಈ ಏಳರಾಗ ಚಲೋ ಐದು ಯಾರದಾಗ್ತಾವೋ ಅವರು ಗೆದ್ದಂಗ. ನಡುನಡುವ ಬೀಜ ಹಾಕ್ಕೋಂತ ಹೋಗೂದು. ಹಾಕಲಿಕ್ಕೆ ಮನಸ್ಸಿಲ್ಲದವ್ರು ಎಲಿ ಒಗೀಬೇಕು. ಪ್ರತಿ ಸರ್ತಿ ಇಬ್ಬರು ಪಾಳಿ ಪ್ರಕಾರ ಎಲಿ ನೋಡೂಕಿಂತ ಮೊದಲ ಸಣ್ಣ ಕಂದಾಯ, ದೊಡ್ಡ ಕಂದಾಯ ಅಂತ ಹಾಕಲೇಬೇಕು. ಅದಕ್ಕ 'ಬ್ಲೈಂಡ್' ಅಂತಾರ. ಮೊದಲಿಗೆ 1 ಮತ್ತ 2 ಬೀಜ, ಇಪ್ಪತ್ತ ನಿಮಿಷಕ್ಕೊಮ್ಮೆ ಅದು ದುಪ್ಪಟ್ಟ ಆಕ್ಕೋಂತ ಹೋಗತೈತಿ. ಮತ್ತ ಯಾರರೆ ಒಮ್ಮೆಲೆ ಇದ್ದಬದ್ದ ಬೀಜ ಎಲ್ಲಾ ಮುಂದ ದೂಡಿದ್ರ ಅದಕ್ಕ 'ಆಲ್ ಇನ್' ಅನ್ನೂದು. ನಮ್ಮ ವೈನಿಗೆ ಆ ಹೆಸರು ಬಾಯಿಗೆ ಬರಲಿಲ್ಲ. ಅಕಿ "ಸುರುವಿದಾ" ಅಂದ್ಲು. ಅವತ್ತಿನಿಂದ ನಮ್ಮ ಮನ್ಯಾಗ ಆಲ್ ಇನ್ ಅಂದ್ರ ಸುರುವೂದು, ಕಾಲ್ ಅಂದ್ರ 'ಹೂಂ' ಅನ್ನೂದು, ಫೋಲ್ಡ್ ಅಂದ್ರ ಎಲಿ ಒಗಿಯೂದು.

ಆಟ ಸುರು ಆತು. ನಮ್ಮ ತಮ್ಮನ ಮಗ ಎರಡನೇ ಸರ್ತಿಗೇ ಸುರುವಿದ. ಮೂರನೇದಕ್ಕೂ ಸುರುವಿದ. ಐದನೇದಕ್ಕ ಎಲಿ ನೋಡಿದ್ನೋ ಇಲ್ಲೋ ಗೊತ್ತಿಲ್ಲ, ಮತ್ತ ಸುರುವಿದ. ನಾವು ಬಾಯಿ ತಕ್ಕೊಂಡು ನೋಡಿ ನೋಡಿ ಎಲಿ ಒಗದ್ವಿ. ಅಂವ ನಕ್ಕೋತ ನಮ್ಮ ಕಂದಾಯದ ಬೀಜ ಎಲ್ಲಾ ಬಳಕೊಂಡ. ವೈನಿ, "ಹುಚ್ಚರ ಸುದ್ದಿಗೆ ಹೋಗಬಾರ್ದವಾ, ತಾನಾಗೆ ದಣೀತಾನ" ಅಂದ್ಲು. ನಮ್ಮನಿಯವರು, "ಇವನ್ನ ಹಿಂಗ ಬಿಡಬಾರ್ದು" ಅಂತ ಸಿಟ್ಟಿನ್ಯಾಗ 'ಹೂಂ' ಅಂದು, ಎಲ್ಲಾ ಬೀಜ ಕಳಕೊಂಡು, ಎಲ್ಲರಿಗಿಂತ ಮೊದಲ ಮುಸರಿಗೆ ಹೋದ್ರು.

ಸಂಸಾರದಾಗ ನಾ ನೋಡಿದ್ದೂ ಈ ಎರಡ ಥರದ ಮಂದೀನ. ಒಬ್ಬರು ಹೆದರಿ ಯಾವಾಗಲೂ ಒಗೀತಾರ, ಇನ್ನೊಬ್ಬರು ಸಿಟ್ಟಿಗೆ 'ಹೂಂ' ಅಂತಾರ. ನನ್ನ ಅಭಿಪ್ರಾಯ ಇಷ್ಟ: ಎರಡೂ ತಪ್ಪು. ಯಾಕ ಅನ್ನೂದನ್ನ ಬೀಜದ ಲೆಕ್ಕದಾಗ ತೋರಸ್ತೇನಿ.

ಮೊದಲನೇದು, ಹುಚ್ಚ ಖರೇನ ಹುಚ್ಚೋ ಅಥವಾ ಬಂದ ಎಲೀ ಧೈರ್ಯೋ ಅಂತ ತಿಳಕೋಬೇಕು. ಅದಕ್ಕ ಎಣಿಸಬೇಕು. ಒಂದ ಜೋಡಿ ಎಲಿ, ಅಂದ್ರ ಎರಡು ರಾಣಿನೋ ಎರಡು ಎಂಟೋ, ಕೈಯಾಗ ಬರೋದು 17 ಸರ್ತಿಗೊಮ್ಮೆ. ಎರಡೂ ಎಕ್ಕಾ ಬರೋದು 221 ಸರ್ತಿಗೊಮ್ಮೆ. ಹತ್ತು ಸರ್ತಿ ಹಂಚಿದ್ರಾಗ ಏಳು ಸರ್ತಿ ಸುರುವಾಂವಗ ಏಳು ಸರ್ತಿನೂ ಚಲೋ ಎಲಿ ಬಂದಾವಂದ್ರ ನಂಬೂ ಮಾತಲ್ಲ. ಸೊಸಿ ಒಂದ ಚೀಟಿ ಮ್ಯಾಲೆ ಗೆರಿ ಎಳಕೋತ ಕುಂತಿದ್ಲು, ಹಾಲಿನ ಲೆಕ್ಕ ಬರದಂಗ. ಹನ್ನೆರಡು ಸರ್ತಿಗೆ ಎಂಟು ಗೆರಿ. ಅಷ್ಟಾದಮ್ಯಾಲೆ ಅವನ ಕೈಯಾಗ ಏನರೆ ಇರಬಹುದು ಅಂತ ತಿಳಕೊಂಡ ಆಡೂದ ಶಾಣ್ಯಾತನ.

ಹಂಗಂದ್ರ ಎಕ್ಕಾ ಜೋಡಿ ಬರೂತನಕಾ ಕಾಯೂಣ ಅಂತ ವೈನಿ ಅಂದ್ಲು. ಅಲ್ಲೇ ತಪ್ಪೋದು. ನಮ್ಮಂಥವ್ರು ಮಾತಾಡ್ಕೋತ ತಾಸಿಗೆ 25 ಸರ್ತಿ ಹಂಚತೇವಿ ಅನ್ರಿ. 221 ಸರ್ತಿ ಆಗಬೇಕಂದ್ರ ಒಂಬತ್ತ ತಾಸು ಬೇಕು. ಅಷ್ಟೊತ್ತಿಗೆ ಕಂದಾಯ ಕೊಟ್ಟು ಕೊಟ್ಟು ಬೀಜ ಯಾವಾಗೋ ಮುಗದಿರತಾವು. ಕುಂತ ಉಂಡ್ರ ಕುಡಿಕಿ ಹೊನ್ನೂ ಸಾಲೂದಿಲ್ಲ ಅಂತ ಹಿರೇರು ಹೇಳಿದ್ದು ಇದಕ್ಕೂ ಹೊಂದತೈತಿ. ತಾಳ್ಮಿ ಬೇಕು ಖರೆ. ಆದ್ರ ತಾಳ್ಮಿಗೂ ಒಂದ ಕಂದಾಯ ಇರತೈತಿ. ಹೆಣ್ಣಮಕ್ಕಳಿಗೆ ತಾಳ್ಮಿ ಕಲಸೂ ಮುಂದ ಈ ಕಂದಾಯದ ಮಾತು ಯಾರೂ ಹೇಳೂದಿಲ್ಲ.

ಎರಡನೇದು, 'ಹೂಂ' ಅನ್ನಾಕ ಎಷ್ಟ ಬೀಜ ಕೊಡಬೇಕು, ಗೆದ್ರ ಎಷ್ಟ ಬರತಾವು, ಈ ಲೆಕ್ಕ. ಇದು ಕಾಯಿಪಲ್ಲೆ ಲೆಕ್ಕಕ್ಕಿಂತ ಕಠಿಣ ಅಲ್ಲ. ಕಂದಾಯ 4 ಮತ್ತ 8 ಇದ್ದಾಗಿನ ಮಾತು ಹೇಳ್ತೇನಿ. ನನ್ನ ಕಡೆ ಒಟ್ಟ 60 ಬೀಜ. ದೊಡ್ಡ ಕಂದಾಯ ನಂದ, ಅಂದ್ರ 8 ಆಗಲೇ ಹಾಕೇನಿ, ಕೈಯಾಗ 52 ಉಳದಾವು. ಅಂವ ಸುರುವಿದ. ಅವನ ಮುಂದ ರಾಶಿ ಇದ್ರೂ ನನ್ನ ಕಡೆ 60 ಇದ್ರ ನಮ್ಮಿಬ್ಬರ ಆಟ 60ರದ್ದ. ಉಳದವ್ರೆಲ್ಲಾ ಒಗದ್ರು. ನಡುವ ಅವನ 60, ಇನ್ನೊಬ್ಬರ 4, ನನ್ನ 8, ಒಟ್ಟ 72. ನಾ 52 ಹಾಕಿದ್ರ ಒಟ್ಟ 124 ಆಗತಾವು. 124ರಾಗ 52 ಅಂದ್ರ ನೂರಕ್ಕ 42. ಅಂದ್ರ ಇಂಥಾ ಪ್ರಸಂಗ ನೂರು ಸರ್ತಿ ಬಂದ್ರ 42ಕ್ಕಿಂತ ಹೆಚ್ಚು ಸರ್ತಿ ಗೆಲ್ಲೂ ಎಲಿ ನನ್ನ ಕಡೆ ಇದ್ರ 'ಹೂಂ' ಅನ್ನೂದು ಲಾಭ, ಇಲ್ಲಂದ್ರ ಲುಕ್ಸಾನು.

ಹಂಗಾರ ಯಾವ ಎಲಿ ಎಷ್ಟ ಸರ್ತಿ ಗೆಲ್ಲತೈತಿ? ಏನರೆ ಇಟ್ಕೊಂಡು ಸುರುವಾಂವನ ಎದುರು ಎಕ್ಕಾ ಜೋಡಿ ನೂರಕ್ಕ 85 ಸರ್ತಿ ಗೆಲ್ಲತೈತಿ. ಗುಲಾಮ ಜೋಡಿ ಸುಮಾರು 77. ಎಕ್ಕಾ-ರಾಜಾ ಸುಮಾರು 65. ರಾಜಾ-ರಾಣಿ 61ರ ಸುತ್ತ. ಎರಡು-ಎರಡು ಜೋಡಿ ಅಂದ್ರ ಸರಿಸುಮಾರು ಅರ್ಧಕ್ಕರ್ಧಾ. ಎಲ್ಲಾಕ್ಕಿಂತ ಕೆಟ್ಟದ್ದು ಏಳು-ಎರಡು, ಬ್ಯಾರೆ ಬ್ಯಾರೆ ಬಣ್ಣದ್ದು, ಅದೂ ನೂರಕ್ಕ 35ರ ಹತ್ರ ಗೆಲ್ಲತೈತಿ. ಇದನ್ನ ಸೊಸಿ ತೋರಿಸಿದಾಗ ನನಗ ಭಾಳ ಆಶ್ಚರ್ಯ ಆತು. ಕಸದಂಥಾ ಎಲಿನೂ ಮೂರಕ್ಕ ಒಂದ ಸರ್ತಿ ಗೆದ್ದ ಹೋಗತೈತಿ. ಹುಚ್ಚಗ ಧೈರ್ಯ ಎಲ್ಲಿಂದ ಬರತೈತಿ ಅಂದ್ರ ಇಲ್ಲಿಂದನ. ಮೂರಕ್ಕೊಂದು ಗೆದ್ದದ್ದನ್ನ ನೆನಪಿಟ್ಟಕೊಂಡು ಎರಡು ಸೋತದ್ದನ್ನ ಮರೀತಾನ.

ಈಗ ನನ್ನ ತಪ್ಪು ಒಪ್ಪಕೋತೇನಿ. ಆ 60 ಬೀಜದ ಸರ್ತಿ ನನ್ನ ಕೈಯಾಗ ಇದ್ದದ್ದು ಎಂಟು-ಮೂರು. ನೂರಕ್ಕ 37ರ ಸುತ್ತ ಗೆಲ್ಲೂ ಎಲಿ. ಬೇಕಾದದ್ದು 42. ಅಂದ್ರ ಒಗೀಬೇಕಾಗಿತ್ತು. ಆದ್ರ ಅಂವ ನನ್ನ ಮಾರಿ ನೋಡಿ, "ಅತ್ತಿ, ನಿನ್ನಿಂದ ಆಗೂದಿಲ್ಲ ಬಿಡು" ಅಂದ. ನನಗ ತಲಿ ತಿರುಗಿ "ಹೂಂ" ಅಂದೆ. ಅವನ ಕಡೆ ರಾಣಿ-ಆರು. ನಡುವ ಒಂದ ಎಂಟು ಬಿತ್ತು, ನಾ ಗೆದ್ದೆ. ಎಲ್ಲಾರೂ ಚಪ್ಪಾಳಿ ಹೊಡದ್ರು, ವೈನಿ ಬೆನ್ನ ಚಪ್ಪರಿಸಿದ್ಲು, ಮುಸರಿ ತಿಕ್ಕೂದ ಬಿಟ್ಟು ನಮ್ಮನಿಯವರೂ ಬಂದು ನೋಡಿದ್ರು. ಸೊಸಿ ಮಾತ್ರ ಚಪ್ಪಾಳಿ ಹೊಡೀಲಿಲ್ಲ. "ಅತ್ತಿಯವ್ರ, ಗೆದ್ರಿ ಖರೆ, ಆದ್ರ 'ಹೂಂ' ಅನ್ನಬಾರದಿತ್ತು" ಅಂದ್ಲು. ಆವಾಗ ನನಗ ಸಿಟ್ಟ ಬಂತು. ಈಗ ಅಕಿ ಮಾತು ಖರೆ ಅನಸತೈತಿ. ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಸಮಾಧಾನ ಆದಾಗ ಬರೂದಿಲ್ಲ ಅಂತಾರ. ನಂದು ಕೊಯ್ಕೊಂಡ್ರೂ ಹೆಂಗೋ ಉಳದಿತ್ತು, ಅಷ್ಟ.

ಅದಕ್ಕ ಆಮ್ಯಾಲೆ ನಾ ಒಂದ ನೇಮಾ ಮಾಡ್ಕೊಂಡೆ. ಎಲಿ ನೋಡೂಕಿಂತ ಮೊದಲ, ಅಂವ ಸುರುವೂಕಿಂತ ಮೊದಲ, ಮನಸಿನ್ಯಾಗ ಒಂದ ಗೆರಿ ಹಾಕೊಳ್ಳೂದು. "ಇವತ್ತ ಅಂವ ಸುರುವಿದ್ರ ಯಾವುದರೆ ಜೋಡಿ, ಇಲ್ಲಾ ಎಕ್ಕಾ, ಇಲ್ಲಾ ದೊಡ್ಡ ಎರಡು ಚಿತ್ರದ ಎಲಿ ಇದ್ರ ಹೂಂ. ಇಲ್ಲಂದ್ರ ಒಗಿಯೂದು." ಆಮ್ಯಾಲೆ ಅಂವ ಏನರೆ ಅನ್ನಲಿ, ನಗಲಿ, ಹಂಗಸಲಿ, ಗೆರಿ ಬದಲ ಮಾಡೂದಿಲ್ಲ. ಸಂತಿಗೆ ಹೋಗೂ ಮುಂದ ಚೀಟಿ ಬರಕೊಂಡ ಹೋದಂಗ. ಚೀಟಿ ಇಲ್ಲದ ಹೋದ್ರ ಸಂತ್ಯಾಗ ಕೂಗೋರು ಕೂಗಿದ್ದನ್ನೆಲ್ಲಾ ತರತೇವಿ. ಮತ್ತ ಇನ್ನೊಂದ ಮಾತು. ನನ್ನ ಹಿಂದ ಇನ್ನೂ ಮೂರ ನಾಕ ಮಂದಿ ಪಾಳಿ ಬಾಕಿ ಇದ್ರ ಆ ಗೆರಿ ಮ್ಯಾಲೆ ಏರಸಬೇಕು. ಹುಚ್ಚ ಒಬ್ಬನ ಹುಚ್ಚ ಇರಬಹುದು, ಆದ್ರ ಹಿಂದ ಕುಂತ ಬಾಜೂ ಮನಿ ಅಕ್ಕಾರು ಹುಚ್ಚರಲ್ಲ. ಅವರು ಒಮ್ಮೆ ಬಾಯಿ ತಗದ್ರಂದ್ರ ಕೈಯಾಗ ಏನೋ ಐತಿ ಅಂತನ ಅರ್ಥ.

ಮೂರನೇದು ಎಲ್ಲಾಕ್ಕಿಂತ ದೊಡ್ಡ ಮಾತು, ಮತ್ತ ಟೂರ್ನಮೆಂಟಿನ್ಯಾಗಷ್ಟ ಬರೂ ಮಾತು. ಇಲ್ಲಿ ಕಳಕೊಂಡ ಬೀಜದ ಬೆಲಿ ಗೆದ್ದ ಬೀಜದ ಬೆಲಿಗಿಂತ ಹೆಚ್ಚು. ಯಾಕಂದ್ರ ಪೇಡೆ ಲೆಕ್ಕಾ ನೋಡ್ರಿ. ಒಟ್ಟ ಪೇಡೆ ಒಂದೂಮುಕ್ಕಾಲ ಕಿಲೋ. ಇದ್ದ 800 ಬೀಜನೂ ನಾನ ಗೆದ್ರೂ ನನಗ ಬರೂದು ಒಂದ ಕಿಲೋ ಅಷ್ಟ. ಅಂದ್ರ ಬೀಜ ದುಪ್ಪಟ್ಟ ಆದ್ರ ಪೇಡೆ ದುಪ್ಪಟ್ಟ ಆಗೂದಿಲ್ಲ. ಆದ್ರ ಬೀಜ ಸೊನ್ನಿ ಆದ್ರ ಪೇಡೆನೂ ಸೊನ್ನಿ ಆಗಬಹುದು.

ಅವತ್ತ ರಾತ್ರಿ ನಾಕ ಮಂದಿ ಉಳದ್ವಿ, ಬಹುಮಾನ ಮೂರು. ಅವನ ಕಡೆ 400 ಬೀಜ, ಬಾಜೂ ಮನಿ ಅಕ್ಕಾರ ಕಡೆ 230, ನನ್ನ ಕಡೆ 150, ವೈನಿ ಕಡೆ ಬರೇ 20. ದೊಡ್ಡ ಕಂದಾಯ 16 ಆಗಿತ್ತು, ಅದು ಆ ಸರ್ತಿ ನಂದು, ಮುಂದಿನ ಸರ್ತಿ ವೈನೀದು. ವೈನಿ ಎಲಿ ಒಗದ್ಲು. ಅಂವ ಸುರುವಿದ. ಅಕ್ಕಾರು ಒಗದ್ರು. ನನ್ನ ಕೈಯಾಗ ಎಕ್ಕಾ-ಒಂಬತ್ತು. ಅವನ ಎದುರು ನೂರಕ್ಕ 60 ಸರ್ತಿ ಗೆಲ್ಲೂ ಎಲಿ. ಬರೇ ಬೀಜದ ಲೆಕ್ಕ ಹಿಡದ್ರ ಕಣ್ಣ ಮುಚ್ಚಿ 'ಹೂಂ' ಅನಬೇಕು. ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ನಾ ಎಲಿ ಒಗದೆ.

"ಹೆದರಿದ್ಲು, ಹೆದರಿದ್ಲು" ಅಂತ ಹುಡುಗರೆಲ್ಲಾ ಕೂಗಿದ್ರು. ಹೆದರಿದ್ದಲ್ಲ. ಮುಂದಿನ ಸರ್ತಿ ವೈನಿ 20ರಾಗ 16 ಕಂದಾಯ ಕೊಡಬೇಕಾಗಿತ್ತು. ಅಕಿ ಇವತ್ತಲ್ಲಾ ನಾಳೆ ಅನ್ನೂ ಸ್ಥಿತ್ಯಾಗ ಇದ್ಲು. ಅಕಿ ಎದ್ರ ನನಗ ಪಾವ ಕಿಲೋ ಪಕ್ಕಾ. ಅಷ್ಟ ಹತ್ರ ಬಂದಾಗ ಹುಚ್ಚನ ಸಂಗಡ ಹೋಗಿ ನಾನ ಮೊದಲ ಏಳೂದು ಯಾತರ ಶಾಣ್ಯಾತನ? ಬೀಸೂ ದೊಣ್ಣಿ ತಪ್ಪಿಸ್ಕೊಂಡ್ರ ಸಾವಿರ ವರ್ಷ ಆಯುಷ್ಯ. ಮರುದಿನ ಸೊಸಿ ಪೇಡೆ ಲೆಕ್ಕಾ ಕೂಡಿಸಿ ಕಳದು ತೋರಿಸಿದ್ಲು: ಆ ಪ್ರಸಂಗದಾಗ 'ಹೂಂ' ಅನ್ನಾಕ ನೂರಕ್ಕ 67ರ ಹತ್ರ ಗೆಲ್ಲೂ ಎಲಿ ಬೇಕಾಗಿತ್ತು, 60 ಸಾಲತಿದ್ದಿಲ್ಲ. ಎಲಿ ಅದ, ಎದುರಿನಾಂವ ಅವನ, ಆದ್ರ ಹೊತ್ತು ಬ್ಯಾರೆ ಆದ್ರ ಉತ್ತರ ಬ್ಯಾರೆ. ಇದನ್ನ ಕಲಿಯಾಕ ನನಗ ಐವತ್ತೈದು ವರ್ಷ ಬೇಕಾತು.

ವೈನಿ ಮುಂದಿನ ಸರ್ತಿಗೇ ಎದ್ಲು. ಮೂರ ಮಂದಿ ಉಳದ್ವಿ. ಸ್ವಲ್ಪ ಹೊತ್ತಿಗೆ ಅಂವ ಮತ್ತ ಸುರುವಿದ, ನನಗ ಎರಡು ಗುಲಾಮ ಬಂದಿದ್ದು. ಗೆರಿ ಮೊದಲ ಹಾಕೊಂಡಿದ್ದೆ, ವಿಚಾರ ಮಾಡಲೇ ಇಲ್ಲ, "ಹೂಂ" ಅಂದೆ. ಅವನ ಕಡೆ ಒಂಬತ್ತು-ನಾಕು! ಅವೆರಡೂ ನನ್ನ ಗುಲಾಮರ ಕೆಳಗ. ನೂರಕ್ಕ ಸುಮಾರು 85 ಸರ್ತಿ ನನ್ನದ ಆಟ. ನಡುವ ಮೊದಲ ಮೂರು ಎಲ್ಯಾಗ ಒಂದ ನಾಕು ಬಿತ್ತು. ಕಡೇ ಎಲಿ ಒಂಬತ್ತು. ಅವನ ಕಡೆ ಎರಡು ಜೋಡಿ, ನನ್ನ ಕಡೆ ಒಂದು. ನಾ ಎದ್ದೆ. ಹುಡುಗರು ಕುಣದ್ರು. ವೈನಿ, "ನಾ ಹೇಳಿದ್ದಿಲ್ಲೇನು, ಹುಚ್ಚರ ಸುದ್ದಿಗೆ ಹೋಗಬ್ಯಾಡಂತ?" ಅಂದ್ಲು.

ನೋಡ್ರಿ, ಎಂಟು-ಮೂರು ಹಿಡಕೊಂಡು ತಪ್ಪು ಮಾಡಿದಾಗ ಚಪ್ಪಾಳಿ ಬಂತು. ಗುಲಾಮ ಜೋಡಿ ಹಿಡಕೊಂಡು ಸರಿ ಮಾಡಿದಾಗ ಬೈಗಳಾ ಬಂತು. ಹಿಂಗಾಗಿ ಮಂದಿ ಚಪ್ಪಾಳಿ ಮ್ಯಾಲೆ ನಮ್ಮ ಸರಿ-ತಪ್ಪು ಅಳೀಬಾರದು. ನಾಳೆ ಮತ್ತ ಅದ ಪ್ರಸಂಗ ಬಂದ್ರ ಗುಲಾಮ ಜೋಡಿಗೆ ಮತ್ತ 'ಹೂಂ' ಅಂತೇನಿ, ಎಂಟು-ಮೂರು ಒಗೀತೇನಿ. ಅವತ್ತ ಆಟ ಗೆದ್ದಂವ ಅವನ. ಒಂದ ಕಿಲೋ ಪೇಡೆ ಹೊತಗೊಂಡ ಹೋದ. ಆದ್ರ ತುಳಸಿ ಲಗ್ನದ ಒಳಗ ಮತ್ತ ಮೂರ ಸರ್ತಿ ಆಡಿದ್ವಿ. ಮೂರೂ ಸರ್ತಿ ಎಲ್ಲರಿಗಿಂತ ಮೊದಲ ಮುಸರಿ ತಿಕ್ಕಿದಂವನೂ ಅವನ.

ಹಂಗಂತ ಸುರುವೋರೆಲ್ಲಾ ಹುಚ್ಚರಲ್ಲ ಅನ್ನೂದೂ ನೆನಪಿಡ್ರಿ. ಸೊಸಿ ನನಗ ಒಂದ ಹಳೇ ವಿಡಿಯೋ ತೋರಿಸಿದ್ಲು. ಅಮೆರಿಕಾದ ಲಾಸ್ ವೇಗಾಸ್‌ನ್ಯಾಗ 1970ರಿಂದ ನಡದು ಬಂದ 'ವರ್ಲ್ಡ್ ಸಿರೀಸ್ ಆಫ್ ಪೋಕರ್' ಅನ್ನೂ ದೊಡ್ಡ ಪಂದ್ಯ. 2003ರೊಳಗ 839 ಮಂದಿ ಕುಂತಿದ್ರಂತ, ಕುಂಡ್ರಾಕ 10,000 ಡಾಲರ್. ಕ್ರಿಸ್ ಮನಿಮೇಕರ್ ಅನ್ನೂ ಟೆನೆಸೀ ರಾಜ್ಯದ ಒಬ್ಬ ಅಕೌಂಟೆಂಟ್ ನೂರ ಡಾಲರಿಗಿಂತ ಕಡಿಮಿ ಖರ್ಚಿನ ಆನ್‌ಲೈನ್ ಆಟದಾಗ ಗೆದ್ದು ಅಲ್ಲಿಗೆ ಬಂದಿದ್ದ. ಕಡೀಕ ಉಳದವ್ರು ಇಬ್ಬರ, ಅಂವ ಮತ್ತ ಸ್ಯಾಮಿ ಫಾರ್ಹಾ ಅನ್ನೂ ಪಳಗಿದ ಆಟಗಾರ. ಫಾರ್ಹಾನ ಕಡೆ ಒಂಬತ್ತರ ಜೋಡಿ ಆಗಿತ್ತು, ನಡುವಿನ ಎಲ್ಯಾಗ ಒಂಬತ್ತಕ್ಕಿಂತ ದೊಡ್ಡದು ಇದ್ದಿದ್ದಿಲ್ಲ. ಮನಿಮೇಕರ್ ಕಡೆ ಏನೂ ಇಲ್ಲ, ಬರೇ ಒಂದ ರಾಜಾ. ಆದ್ರೂ ಎಲ್ಲಾ ಸುರುವಿದ. ಫಾರ್ಹಾ ಭಾಳ ಹೊತ್ತ ವಿಚಾರ ಮಾಡಿ ಎಲಿ ಒಗದ. ಮನಿಮೇಕರ್ ಗೆದ್ದು 25 ಲಕ್ಷ ಡಾಲರ್ ಒಯ್ದ.

ಫಾರ್ಹಾ ದಡ್ಡ ಇದ್ದನೇನು? ಅಲ್ಲ. ಮನಿಮೇಕರ್ ನಮ್ಮ ತಮ್ಮನ ಮಗನಂಗ ಹನ್ನೆರಡಕ್ಕ ಎಂಟು ಸರ್ತಿ ಸುರುವಾಂವ ಆಗಿದ್ರ ಫಾರ್ಹಾ ಒಗೀತಿದ್ದಿಲ್ಲ. ದಿನಾ ಕೂಗಾಡೋರ ಕೂಗಿಗೆ ಉತ್ತರ ಕೊಡೂದು ಸಲೀಸು. ಅಪರೂಪಕ್ಕ ದನಿ ಎತ್ತೋರ ಎದುರು ಎಂಥಾ ಪಳಗಿದವ್ರಿಗೂ ಕೈ ನಡಗತೈತಿ. ಅದಕ್ಕ ಸುರುವಿದ್ದೇನು ಅನ್ನೂಕಿಂತ ಸುರುವಿದವರು ಯಾರು, ಇಲ್ಲಿತನಕ ಎಷ್ಟ ಸರ್ತಿ ಸುರುವ್ಯಾರ ಅನ್ನೂದು ನೋಡಬೇಕು.

ಇನ್ನೊಂದ ಹೆಣ್ಣಮಗಳ ಸುದ್ದಿ ಕೇಳಿ ನನಗ ಭಾಳ ಖುಷಿ ಆತು. ನಾರ್ವೆ ದೇಶದ ಆನೆಟ್ ಒಬ್ರೆಸ್ಟಾಡ್ ಅಂತ. 2007ರೊಳಗ ಲಂಡನ್‌ನ್ಯಾಗ ಇದ ಪಂದ್ಯದ ಯುರೋಪಿನ ದೊಡ್ಡ ಸ್ಪರ್ಧಾ ಗೆದ್ಲು, 10 ಲಕ್ಷ ಪೌಂಡ್. ಮರುದಿನಕ್ಕ ಅಕಿಗೆ 19 ತುಂಬೂದಿತ್ತು. ಅದಕ್ಕೂ ಮೊದಲ ಒಂದ ಸಣ್ಣ ಆನ್‌ಲೈನ್ ಆಟದಾಗ ತನ್ನ ಎಲೀನ ಹೆಚ್ಚು ಕಡಿಮಿ ನೋಡದ, ಬರೇ ಎದುರಿನವ್ರನ್ನ ನೋಡಿ 180 ಮಂದ್ಯಾಗ ಗೆದ್ದಿದ್ಲಂತ. ಎಲಿಗಿಂತ ಮಂದಿ ನೋಡೂದು ಅಂದ್ರ ನಮ್ಮ ಹೆಣ್ಣಮಕ್ಕಳಿಗೆ ಹೇಳಿಕೊಡಬೇಕೇನವಾ? ಅತ್ತಿ ಮನಿಗೆ ಕಾಲಿಟ್ಟ ದಿನದಿಂದ ನಾವು ಮಾಡಿದ್ದ ಅದು.

ಈಗ ಮೊದಲ ಹೇಳ್ತೇನಂದ ಮಾತು. ನಮ್ಮಪ್ಪ ಇಸ್ಪೀಟ್ ಆಡತಿದ್ದ. ಬೀಜಕ್ಕಲ್ಲ, ರೊಕ್ಕಕ್ಕ. ಯುಗಾದಿಗೆ ಸುರು ಆದದ್ದು ಆಮ್ಯಾಲೆ ವಾರ ವಾರ ಆತು. ಅಂದರ್-ಬಾಹರ್‌ನ್ಯಾಗ ನಾಕ ಎಕರೆ ಎರಿ ಹೊಲ ಹೋತು. ಪ್ರತಿ ಸರ್ತಿ ಸೋತು ಬಂದಾಗ ಮನ್ಯಾಗ ನಮ್ಮವ್ವನ ಮುಂದೂ ಅಂವ ಸುರುವತಿದ್ದ. "ರೊಕ್ಕ ಕೊಡದಿದ್ರ ಮನಿ ಬಿಟ್ಟ ಹೋಗ್ತೇನಿ, ಮತ್ತ ಮಾರಿ ತೋರಸೂದಿಲ್ಲ." ಅವ್ವ ಪ್ರತಿ ಸರ್ತಿ ಒಗೀತಿದ್ಲು. ಮೊದ್ಲ ಬಿಲ್ವಾರ ಹೋದು, ಆಮ್ಯಾಲೆ ಪಾಟ್ಲಿ ಹೋದು. ಊರಾಗ ಎಲ್ಲಾರೂ "ಎಷ್ಟ ತಾಳ್ಮಿ ಆ ಹೆಣ್ಣಮಗಳಿಗೆ" ಅಂತಿದ್ರು. ಅದ ಆ ಕಂದಾಯ.

ಕಡೀಕ ಉಳದದ್ದು ಮನಿ ಒಂದ. ಅದು ಅವ್ವನ ಹೆಸರಿಲೆ ಇತ್ತು, ಅಕಿ ತವರಿನ ರೊಕ್ಕದಾಗ ತೊಗೊಂಡದ್ದು. ಅಪ್ಪ ಸಹಿ ಹಾಕು ಅಂದ, ಅದ ಧಮಕಿ ಹಾಕಿದ. ಅವ್ವ ಅವತ್ತ ಒಗೀಲಿಲ್ಲ. "ಹೂಂ, ಹೋಗ್ರಿ" ಅಂದ್ಲು. ನಾ ಆವಾಗ ಒಂಬತ್ತನೇ ಇಯತ್ತೆ, ಬಾಗಲ ಸಂದ್ಯಾಗ ನಿಂತ ನೋಡಾಕತ್ತಿದ್ದೆ. ನನ್ನ ಎದಿ ಡವಡವ. ಅಪ್ಪ ಚಪ್ಪಲಿ ಮೆಟ್ಟಿಕೊಂಡ ಹೊಂಟ. ಒಂದ ರಾತ್ರಿ ಆತು, ಎರಡ ರಾತ್ರಿ ಆತು. ಮೂರನೇ ದಿನ ಸಂಜಿಗೆ ಬಂದು ಕಟ್ಟಿ ಮ್ಯಾಲೆ ಕುಂತ. ಅವ್ವ ಮಾತಾಡಲಿಲ್ಲ, ತಾಟ ಹಾಕಿದ್ಲು. ಆ ಮನಿ ಉಳೀತು. ಅಲ್ಲೇ ನನ್ನ ಮದವಿ ಆತು.

ಇದನ್ನ ಕೇಳಿದವ್ರು "ಏನ ಧೈರ್ಯ" ಅಂತಾರ. ಧೈರ್ಯ ಅಲ್ಲ, ಲೆಕ್ಕಾ. ದೊಡ್ಡಾಕಿ ಆದಮ್ಯಾಲೆ ನನಗ ತಿಳದದ್ದು: ಅದಕ್ಕಿಂತ ಒಂದ ತಿಂಗಳ ಮೊದಲ ಅವ್ವ ಸೋದರಮಾವನ್ನ ಕರಿಸಿ ಎಲ್ಲಾ ಹೇಳಿಟ್ಟಿದ್ಲು. ಒಂದ ವರ್ಷದ ಜ್ವಾಳ ತುಂಬಿಸಿಟ್ಟಿದ್ಲು. ನಮ್ಮ ಸಾಲಿ ಫೀ ಕಟ್ಟಿದ್ಲು. ಅಂದ್ರ ಅಪ್ಪ ಖರೇನ ಹೋಗಿಬಿಟ್ರೂ ಮಕ್ಕಳು ಉಪವಾಸ ಬೀಳಬಾರದು ಅನ್ನೂದು ಮೊದಲ ಗಟ್ಟಿ ಮಾಡ್ಕೊಂಡ 'ಹೂಂ' ಅಂದಿದ್ಲು. ಸೋತ್ರೂ ತಡಕೋಬಹುದು ಅನ್ನೂ ಹೊತ್ತು ಕಾದಿದ್ಲು, ಆದ್ರ ಮನಿ ಹೋಗೂತನಕಾ ಕಾಯಲಿಲ್ಲ. ಮನ್ಯಾಗ ಧಮಕಿ ಹಾಕೋರಿಗೆಲ್ಲಾ ನಾಳೆನ 'ಹೂಂ, ಹೋಗ್ರಿ' ಅನ್ರಿ ಅಂತ ನಾ ಹೇಳೂದಿಲ್ಲ. ಯಾರರೆ ಜೀವದ ಮಾತಾಡಿದ್ರಂತೂ ಅದು ಎಲಿ ಆಟ ಅಲ್ಲ, ಆವಾಗ ನಾಕ ಮಂದೀನ ಕರೀಬೇಕು. ಆದ್ರ ಜ್ವಾಳ ತುಂಬಿಸಿಡೂದನ್ನ ಮಾತ್ರ ಯಾರೂ ಮುಂದ ಹಾಕಬ್ಯಾಡ್ರಿ.

ಕಡೇ ಮಾತು ಹುಡುಗರಿಗೆ. ಈ ಲೆಕ್ಕಾ ಎಲ್ಲಾ ಕಲತ ನಾವು ಶಾಣ್ಯಾರಾದ್ವಿ, ಇನ್ನ ರೊಕ್ಕ ಹಾಕಿ ಮೊಬೈಲ್‌ನ್ಯಾಗ ಆಡೂಣ ಅಂದೀರಿ ಮತ್ತ. ನಮ್ಮ ರಾಜ್ಯದಾಗ 2021ರೊಳಗ ಕಾಯ್ದೆ ತಂದ್ರು, 2022ರೊಳಗ ಹೈಕೋರ್ಟ್ ಅದನ್ನ ತಗದ ಹಾಕ್ತು. ಆಗಸ್ಟ್ 2025ರೊಳಗ ಪಾರ್ಲಿಮೆಂಟಿನ್ಯಾಗ ರೊಕ್ಕದ ಆನ್‌ಲೈನ್ ಆಟ ಬಂದ್ ಮಾಡೂ ಕಾಯ್ದೆ ಪಾಸಾತು. ಕಾಯ್ದೆ ಇರಲಿ, ಬಿಡಲಿ, ನನ್ನ ಮನ್ಯಾಗಿನ ಕಾಯ್ದೆ ಒಂದ. 85 ಸರ್ತಿ ಗೆಲ್ಲೂ ಎಲಿನೂ ನೂರಕ್ಕ 15 ಸರ್ತಿ ಸೋಲತೈತಿ. ಬೀಜ ಸೋತ್ರ ಡಬ್ಬಿ ತುಂಬ ಮತ್ತ ಬೀಜ ಅದಾವು. ನಾಕ ಎಕರೆ ಎರಿ ಹೊಲ ಡಬ್ಬ್ಯಾಗ ಇರೂದಿಲ್ಲ.

ಶಿವರಾತ್ರಿ ಜಾಗರಣಿಗೆ ಮತ್ತ ಆಡೂದೈತಿ. ಬರೋರು ಬರ್ರಿ. ಬೀಜ ನಾ ಕೊಡತೇನಿ, ಪೇಡೆ ವೈನಿ ತರತಾಳ. ತಮ್ಮನ ಮಗನೂ ಬರತಾನಂತ. ಈ ಸರ್ತಿ ಎಲಿ ನೋಡಿ ಸುರುವತೇನಿ ಅಂದಾನ. ಹಂಗಾದ್ರ ನಾನೂ ನನ್ನ ಗೆರಿ ಬದಲ ಮಾಡಬೇಕಾಗತೈತಿ.